ಸೂಕ್ಷ್ಮಾಣು ಕಟ್ಟುವ ಪ್ಲಾಸ್ಟಿಕ್ ಮಾಲೆ ಮತ್ತು ನಮ್ಮ ಹಸುವಿನ ಹೊಟ್ಟೆ

(ಹರಿಹರದಲ್ಲಿ ನಡೆದ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಮಾರುಕಟ್ಟೆ ಹತ್ತಿರದ ಮನೆಯೊಂದರ ಹಸುವನ್ನು ನೋಡಲು ಹೋಗಿದ್ದೆ. ಮೇವು ಬಿಟ್ಟಿತ್ತು, ಮೆಲುಕು ನಿಂತಿತ್ತು, ಎಡ ಪಕ್ಕೆ ಉಬ್ಬಿತ್ತು. ಶಸ್ತ್ರಚಿಕಿತ್ಸೆ ಮಾಡಿ ರೂಮೆನ್, ಅಂದರೆ ದೊಡ್ಡ ಹೊಟ್ಟೆಯನ್ನು ತೆರೆದಾಗ ಎರಡು ಬಕೆಟ್ ತುಂಬುವಷ್ಟು ಪ್ಲಾಸ್ಟಿಕ್ ಚೀಲಗಳು ಹಗ್ಗದಂತೆ ಹೊಸೆದುಕೊಂಡು ಹೊರಬಂದವು. ಹಸು ಬದುಕಿತು, ಆದರೆ ಆ ಸೂಲಿನ ಹಾಲು ಹೋಯಿತು. ಮನೆಯ ತಾಯಿ ಕೇಳಿದರು: "ಡಾಕ್ಟ್ರೇ, ಈಗ ಕರಗೋ ಪ್ಲಾಸ್ಟಿಕ್ ಬಂದೈತಂತಲ್ಲ, ಅದನ್ನ ತಿಂದ್ರೆ ಏನೂ ಆಗಲ್ವಾ?" ಈ ಪ್ರಶ್ನೆಗೆ ಉತ್ತರವೇ ಇಂದಿನ ನನ್ನ ಮಾತು.

ಕರಗುವ ಪ್ಲಾಸ್ಟಿಕ್‌ಗಳಲ್ಲಿ ಒಂದನ್ನು ಸೂಕ್ಷ್ಮಾಣುಗಳೇ ತಯಾರಿಸುತ್ತವೆ. ಅದರ ಹೆಸರು ಪಾಲಿ ಹೈಡ್ರಾಕ್ಸಿ ಬ್ಯುಟಿರೇಟ್; ಚಿಕ್ಕದಾಗಿ ಪಿಎಚ್‌ಬಿ. 1926ರಲ್ಲಿ ಫ್ರಾನ್ಸಿನ ಮೊರೀಸ್ ಲೆಮ್ವಾನ್ಯ ಎಂಬ ವಿಜ್ಞಾನಿ ಇದನ್ನು ಗುರುತಿಸಿದರು. ನಾವು ಸುಗ್ಗಿಯಲ್ಲಿ ಬಣವೆ ಒಟ್ಟುವ ಹಾಗೆ, ಸಕ್ಕರೆ ಅಂಶ ಧಾರಾಳವಿದ್ದು ಸಾರಜನಕವೋ ರಂಜಕವೋ ಕಡಿಮೆಯಾದಾಗ ಈ ಜೀವಿಗಳು ಮಿಕ್ಕ ಆಹಾರವನ್ನು ಪಿಎಚ್‌ಬಿ ಕಾಳುಗಳಾಗಿ ಮೈಯೊಳಗೆ ಕೂಡಿಡುತ್ತವೆ. ಕೆಲವು ಜಾತಿಗಳಲ್ಲಿ ಒಣ ತೂಕದ ಶೇಕಡಾ 80ರಷ್ಟು ಇದೇ ಇರಬಹುದು. ನೀವು ಬೀಜಕ್ಕೆ ಲೇಪಿಸುವ ರೈಜೋಬಿಯಂ ಕೂಡ ಹೀಗೆ ಕೂಡಿಡುತ್ತದೆ.

ಇದರ ಒಂದೊಂದು ಕೊಂಡಿಯೂ ಹೈಡ್ರಾಕ್ಸಿ ಬ್ಯುಟಿರೇಟ್. ಇದು ನಿಮ್ಮ ಹಸುವಿಗೂ ಹೊಸದಲ್ಲ. ಮೇವು ಹುಳಿತು ಬ್ಯುಟಿರಿಕ್ ಆಮ್ಲವಾದಾಗ ರೂಮೆನ್ ಗೋಡೆ ಅದನ್ನು ಇದೇ ವಸ್ತುವಾಗಿ ಮಾರ್ಪಡಿಸುತ್ತದೆ. ಕೆಚ್ಚಲು ಅದನ್ನು ಜಿಡ್ಡು ತಯಾರಿಸಲು ಬಳಸುತ್ತದೆ. ಕರು ಹಾಕಿದ ಹೊಸದರಲ್ಲಿ ಮೇವು ಸಾಲದೆ ರಕ್ತದಲ್ಲಿ ಇದು ಮಿತಿ ಮೀರಿದರೆ ಅದೇ ಕೀಟೋಸಿಸ್ ರೋಗ. ಹಸುವಿನಲ್ಲಿ ಬಿಡಿಯಾಗಿರುವ ಈ ಕೊಂಡಿಗಳನ್ನು ಸೂಕ್ಷ್ಮಾಣು ಸಾವಿರಗಟ್ಟಲೆ ಪೋಣಿಸಿ ಸರಪಳಿ ಮಾಡುತ್ತದೆ.

ಸರಪಳಿ ಎಷ್ಟು ಉದ್ದವಾಗಬೇಕೆಂದು ಗೊತ್ತುಮಾಡುವವರು ಯಾರು? ಇಲ್ಲಿ ಹರಿಹರೇಶ್ವರನ ಗುಡಿಯ ಮುಂದೆ ಹೂ ಕಟ್ಟುವವರನ್ನು ನೆನೆಯಿರಿ. ಒಂದು ಬುಟ್ಟಿ ಹೂವನ್ನು ಇಬ್ಬರೇ ಕಟ್ಟಿದರೆ ಉದ್ದನೆಯ ಎರಡು ಮಾಲೆ. ಇಪ್ಪತ್ತು ಜನ ಕಟ್ಟಿದರೆ ಇಪ್ಪತ್ತು ತುಂಡು ಮಾಲೆ. ಸೂಕ್ಷ್ಮಾಣುವಿನೊಳಗೆ ಕೊಂಡಿ ಪೋಣಿಸುವ ಕಿಣ್ವವೇ ಹೂ ಕಟ್ಟುವವರು. 1997ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಕಿಣ್ವವನ್ನು ಹೆಚ್ಚು ಕಡಿಮೆ ಮಾಡಿ ನೋಡಿದರು. ಕಿಣ್ವ ಹೆಚ್ಚಿದಂತೆ ಸರಪಳಿ ಗಿಡ್ಡವಾಯಿತು.

ಇನ್ನೊಂದು ಕಾರಣವೂ ಉಂಟು. ಗಿರಾಕಿ ಬಂದರೆ ಕಟ್ಟುತ್ತಿದ್ದ ಮಾಲೆಯನ್ನು ಕತ್ತರಿಸಿ ಕೊಟ್ಟು ಹೊಸದನ್ನು ಆರಂಭಿಸುತ್ತಾರಲ್ಲವೇ? ಗ್ಲಿಸರಾಲ್‌ನಂಥ ವಸ್ತುವನ್ನು ಆಹಾರವಾಗಿ ಕೊಟ್ಟಾಗ ಹೀಗೇ ಸರಪಳಿ ನಡುವೆ ತುಂಡಾಗುತ್ತದೆ. ಹಸಿವಾದಾಗ ಜೀವಿ ತಾನೇ ಸರಪಳಿಯನ್ನು ಬಿಚ್ಚಿ ತಿನ್ನುವುದೂ ಉಂಟು.

ಉದ್ದಕ್ಕೆ ಇಷ್ಟು ಮಹತ್ವವೇಕೆ? ಸರಪಳಿ ತೀರ ಗಿಡ್ಡವಾದರೆ ವಸ್ತು ಪುಡಿಪುಡಿಯಾಗುತ್ತದೆ; ಉದ್ದವಿದ್ದರೆ ಗಟ್ಟಿ ಬರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲೂ ಸೂಕ್ಷ್ಮಾಣುಗಳಿಂದ ಇಂಥ ಪ್ಲಾಸ್ಟಿಕ್ ಪಡೆಯುವ ಸಂಶೋಧನೆ ನಡೆದಿದೆ. ನಮ್ಮ ಹಾಲೊಡಕಿನ ಸಕ್ಕರೆಯಿಂದಲೂ ಇದನ್ನು ಪಡೆಯುವ ಪ್ರಯೋಗಗಳಾಗಿವೆ. ಆದರೆ ಖರ್ಚು ಹೆಚ್ಚು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದ ಮೇಲೆ ಅಂಗಡಿಗಳಲ್ಲಿ ಕಾಣುವ "ಕಾಂಪೋಸ್ಟೆಬಲ್" ಚೀಲಗಳಲ್ಲಿ ಹೆಚ್ಚಿನವು ಪಿಎಚ್‌ಬಿ ಅಲ್ಲ. ಪಿಷ್ಟ ಮತ್ತು ಬೇರೆ ಪಾಲಿಮರ್‌ಗಳ ಮಿಶ್ರಣ. ಅವನ್ನು ಪರೀಕ್ಷಿಸುವುದು ಸುಮಾರು 58 ಡಿಗ್ರಿ ಶಾಖದಲ್ಲಿ, ಗಾಳಿಯಾಡುವ ಗೊಬ್ಬರದಲ್ಲಿ, ತಿಂಗಳುಗಟ್ಟಲೆ ಇಟ್ಟು. ನಮ್ಮ ಹಸುವಿನ ರೂಮೆನ್‌ನಲ್ಲಿ ಶಾಖ 39 ಡಿಗ್ರಿ, ಗಾಳಿ ಇಲ್ಲವೇ ಇಲ್ಲ. ಸಾಮಾನು ಹೊರಲು ಗಟ್ಟಿಯಾಗಿ ಮಾಡಿದ ಸರಪಳಿ ಅಲ್ಲಿ ಒಂದೆರಡು ದಿನದಲ್ಲಿ ಬಿಚ್ಚುವುದಿಲ್ಲ. ಅಷ್ಟರಲ್ಲಿ ಅದು ಉಂಡೆಗಟ್ಟಿ ದಾರಿ ಕಟ್ಟಬಹುದು. ಆದ್ದರಿಂದ ಮಣ್ಣಿನಲ್ಲಿ ಕರಗುವ ಚೀಲ ಹೊಟ್ಟೆಯಲ್ಲಿಯೂ ಕರಗೀತೆಂದು ನಂಬಬೇಡಿ.

ಮುಸುರೆ, ತರಕಾರಿ ಸಿಪ್ಪೆಯನ್ನು ಯಾವ ಚೀಲದಲ್ಲೂ ಕಟ್ಟಿ ಎಸೆಯಬೇಡಿ. ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡ ಚೀಲದ ಉಪ್ಪಿನ ವಾಸನೆಗೇ ದನ ಬಾಯಿ ಹಾಕುತ್ತದೆ. ಲವಣಾಂಶದ ಕೊರತೆಯಿದ್ದರೆ ಈ ಚಟ ಹೆಚ್ಚು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ. ಮೆಲುಕು ನಿಂತರೆ ಕಾಯದೆ ಸಂಘದ ಮೂಲಕ ವೈದ್ಯರಿಗೆ ತಿಳಿಸಿ. ಕಣ್ಣಿಗೆ ಕಾಣದ ಜೀವಿ ಕಟ್ಟುವ ಮಾಲೆಯ ಅಳತೆಯನ್ನು ವಿಜ್ಞಾನಿಗಳು ನೋಡಿಕೊಳ್ಳುತ್ತಾರೆ. ನಮ್ಮ ಹಸು ಏನು ತಿನ್ನುತ್ತದೆಂದು ನಾವೇ ನೋಡಿಕೊಳ್ಳಬೇಕು.