ಕೆರೆ ಏರಿಯ ಮೇಲೆ ಹದಿನೈದು ನಿಮಿಷ



ಈ ಶಾಲೆಯಲ್ಲಿ ಓದುವಾಗ ನನ್ನ ಚೀಲದಲ್ಲಿ ಪುಸ್ತಕದ ಜೊತೆ ಕವಣೆಯೂ ಇರುತ್ತಿತ್ತು. ಒಂದು ದಿನ ಕೆರೆ ಏರಿಯ ತಂತಿಯ ಮೇಲೆ ಕೂತಿದ್ದ ಕಂದು ಹಕ್ಕಿಗೆ ಕಲ್ಲು ಹೊಡೆದೆ. ಬಿದ್ದಾಗ ರೆಕ್ಕೆ ಬಿಚ್ಚಿಕೊಂಡಿತು; ಒಳಗೆಲ್ಲ ನೀಲಿ. ಅದರ ಹೆಸರೂ ನನಗೆ ಗೊತ್ತಿರಲಿಲ್ಲ.

ಬಿ.ಇ. ಮುಗಿಸಿ ಬೆಂಗಳೂರು ಸೇರಿದ ಮೇಲೆ, ಲಾಲ್‌ಬಾಗಿನಲ್ಲಿ ತಿಂಗಳ ಎರಡನೇ ಭಾನುವಾರ ನಡೆಯುವ ಹಕ್ಕಿ ವೀಕ್ಷಣೆಗೆ ಹೋದೆ. ಅಲ್ಲಿ ಒಬ್ಬ ಹಿರಿಯರು ತೆರೆದ ಪುಸ್ತಕದಲ್ಲಿ ಅದೇ ನೀಲಿ ಇತ್ತು. ನೀಲಕಂಠ! ನಮ್ಮ ರಾಜ್ಯಪಕ್ಷಿ, ಹೊಲದ ಮಿಡತೆ ತಿನ್ನುವ ರೈತಮಿತ್ರ.

ಈಗ ಊರಿಗೆ ಬಂದಾಗಲೆಲ್ಲ ಬೆಳಿಗ್ಗೆ ಆರೂವರೆಗೆ ಶಾಲೆಯ ಮಕ್ಕಳೊಡನೆ ಏರಿಯ ಮೇಲೆ ನಡೆಯುತ್ತೇನೆ. ಇರುವುದು ಎರಡೇ ದುರ್ಬೀನು. ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇವೆ. ಫೆಬ್ರವರಿಯಲ್ಲಿ 4 ದಿನ ಜಗತ್ತಿನಾದ್ಯಂತ ನಡೆಯುವ ಹಕ್ಕಿ ಎಣಿಕೆಗೆ ಕನಿಷ್ಠ 15 ನಿಮಿಷ ನೋಡಿ ಬರೆದರೂ ಸಾಕು.

ಕಳೆದ ಸಲ ಒಬ್ಬ ಹುಡುಗ, "ಅಣ್ಣ, ನೀವು ಹತ್ತಿರದಿಂದ ನೋಡಿದ ಮೊದಲ ಹಕ್ಕಿ ಯಾವುದು?" ಎಂದ. ನಿಜ ಹೇಳಿದೆ.

ಹಿರಿಯರಲ್ಲಿ ಒಂದೇ ಬಿನ್ನಹ: ಏರಿಯ ಕೆಳಗಿನ ಹಳೆಯ ಮರಗಳನ್ನು ಒಣಗಿವೆಯೆಂದು ಕಡಿಸಬೇಡಿ. ನೀಲಕಂಠ ಮೊಟ್ಟೆಯಿಡುವುದು ಅಂಥ ಪೊಟರೆಗಳಲ್ಲೇ. ನಾನು ಕಳೆದದ್ದನ್ನು ಈ ಮಕ್ಕಳು ನೋಡಲಿ.