ಮನೆಗೆ ಬರುವ ಗಡಸು ನೀರು: ಪರೀಕ್ಷೆ ಮೊದಲು, ಯಂತ್ರ ಅನಂತರ



ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಗಡಸು ನೀರಿನ ತೊಂದರೆ ಅಷ್ಟಾಗಿ ಪರಿಚಿತವಲ್ಲ. ಆ ನಗರದ ನಲ್ಲಿಗಳಿಗೆ ಬರುವುದು ತಾನ್ಸಾ, ವೈತರಣಾ, ಭಾತ್ಸಾ ಮೊದಲಾದ ಜಲಾಶಯಗಳಲ್ಲಿ ಸಂಗ್ರಹವಾದ ಮಳೆಯ ನೀರು. ಅದು ನೆಲದೊಳಗೆ ಬಹುಕಾಲ ಉಳಿದುದಲ್ಲವಾದ್ದರಿಂದ ಅದರಲ್ಲಿ ಖನಿಜಾಂಶ ಕಡಿಮೆ. ದೆಹಲಿಯ ಸ್ಥಿತಿ ಬೇರೆ. ಅಲ್ಲಿ ಯಮುನಾ, ಗಂಗಾ ನದಿಗಳ ಮತ್ತು ಭಾಕ್ರಾ ಜಲಾಶಯದ ನೀರಿನೊಡನೆ ಕೊಳವೆಬಾವಿಗಳ ನೀರನ್ನೂ ಜಲಮಂಡಳಿ ಪೂರೈಸುತ್ತದೆ. ಚೆನ್ನೈ ಮತ್ತು ಹೈದರಾಬಾದಿನ ಅನೇಕ ವಸತಿ ಸಮುಚ್ಚಯಗಳಲ್ಲಿ ನಗರದ ನೀರು, ಟ್ಯಾಂಕರಿನ ನೀರು, ಸ್ವಂತ ಕೊಳವೆಬಾವಿಯ ನೀರು ಮೂರೂ ಒಂದೇ ನೆಲತೊಟ್ಟಿಯಲ್ಲಿ ಕೂಡುತ್ತವೆ. ಸಾಬೂನು ನೊರೆಯಾಗದಿರುವುದು, ಬೇಳೆ ಬೇಯಲು ತಡವಾಗುವುದು, ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದು, ಗೀಸರ್ ಪದೇ ಪದೇ ಕೆಡುವುದು ಗಡಸು ನೀರಿನ ಸಾಮಾನ್ಯ ಲಕ್ಷಣಗಳು. ಇವನ್ನು ಕಂಡೊಡನೆ ಮನೆಗೆಲ್ಲ ಒಂದೇ ಯಂತ್ರ ಕೂರಿಸುವ ಯೋಚನೆ ಬರುವುದು ಸಹಜ. ಆ ವೆಚ್ಚಕ್ಕೆ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೇ ಗಡಸುತನಕ್ಕೆ ಕಾರಣ. ಇವು ಬೈಕಾರ್ಬೊನೇಟ್ ರೂಪದಲ್ಲಿದ್ದರೆ ನೀರನ್ನು ಕುದಿಸಿದಾಗ ಬೇರ್ಪಟ್ಟು ತಳ ಸೇರುತ್ತವೆ. ಇದು ತಾತ್ಕಾಲಿಕ ಗಡಸುತನ. ಸಲ್ಫೇಟ್ ಮತ್ತು ಕ್ಲೋರೈಡ್ ರೂಪದಲ್ಲಿದ್ದರೆ ಕುದಿಸುವುದರಿಂದ ಹೋಗುವುದಿಲ್ಲ. ಇದು ಶಾಶ್ವತ ಗಡಸುತನ. ಗೀಸರಿನ ಕಾಯಿಸುವ ಸುರುಳಿಯ ಮೇಲೆ ಕಟ್ಟುವ ಹಕ್ಕಳೆ ಮೊದಲನೆಯ ಬಗೆಯದು. ಅದು ಶಾಖವನ್ನು ನೀರಿಗೆ ಸುಲಭವಾಗಿ ಬಿಡದು. ಆದ್ದರಿಂದ ಸುರುಳಿ ಮಿತಿಮೀರಿ ಕಾದು ಸುಟ್ಟುಹೋಗುತ್ತದೆ, ವಿದ್ಯುತ್ತಿನ ವೆಚ್ಚವೂ ಏರುತ್ತದೆ.

ಕುಡಿಯುವ ನೀರಿಗಾಗಿ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಐ.ಎಸ್. 10500 ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಾಗ 600 ಮಿಲಿಗ್ರಾಂವರೆಗೆ ಅನುಮತಿಯುಂಟು. ಇದರ ತಾತ್ಪರ್ಯವನ್ನು ಗಮನಿಸಬೇಕು. ಗಡಸು ನೀರು ವಿಷವಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ದೇಹಕ್ಕೆ ಬೇಕಾದವುಗಳೇ. ಇಡೀ ಮನೆಯ ನೀರನ್ನು ಮೃದುಗೊಳಿಸುವುದು ಮುಖ್ಯವಾಗಿ ಕೊಳವೆ, ಗೀಸರ್ ಮತ್ತು ಬಟ್ಟೆ ಒಗೆಯುವ ಯಂತ್ರಗಳ ರಕ್ಷಣೆಗಾಗಿ. ಕುಡಿಯುವ ನೀರಿನ ಶುದ್ಧಿ ಬೇರೆಯೇ ಪ್ರಶ್ನೆ. ಇವೆರಡನ್ನೂ ಒಂದೆಂದು ಭಾವಿಸುವುದರಿಂದಲೇ ಹಣವೂ ವ್ಯರ್ಥವಾಗುತ್ತದೆ, ಕೆಲವೊಮ್ಮೆ ಆರೋಗ್ಯಕ್ಕೂ ಕುಂದುಂಟಾಗುತ್ತದೆ.

ಮನೆಗಳಿಗೆ ಮಾರಾಟವಾಗುವ ಸಾಧನಗಳು ಹಲವು ಬಗೆಯವು. ಮರಳಿನ ಶೋಧಕ ಕೆಸರು, ತುಕ್ಕುಗಳನ್ನು ತಡೆಯುತ್ತದೆ. ಇದ್ದಿಲಿನ ಶೋಧಕ ವಾಸನೆಯನ್ನೂ ಕ್ಲೋರಿನ್ನನ್ನೂ ಹೀರುತ್ತದೆ. ಇವೆರಡೂ ಗಡಸುತನವನ್ನು ತೆಗೆಯಲಾರವು. ಕರಗಿದ ಉಪ್ಪನ್ನು ಬಟ್ಟೆಯಲ್ಲಿ ಸೋಸಿ ಬೇರ್ಪಡಿಸಲಾಗದಂತೆಯೇ ಇದೂ ಸಹ. ಕೊಳವೆಯ ಹೊರಗೆ ಕಟ್ಟುವ ಅಯಸ್ಕಾಂತಗಳೂ ಕ್ಯಾಲ್ಸಿಯಂ ಅನ್ನು ನೀರಿನಿಂದ ಹೊರತೆಗೆಯುವುದಿಲ್ಲ. ಇದ್ದಿಲಿನ ಶೋಧಕವನ್ನು ತೊಟ್ಟಿಗೆ ಮುನ್ನವೇ ಜೋಡಿಸುವುದು ಅಪಾಯಕರ. ನಗರಸಭೆ ಬೆರೆಸಿದ ಕ್ಲೋರಿನ್ನಿನ ಉಳಿಕೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂಬುದು ಮಾನಕದ ನಿಯಮ. ಅದನ್ನು ಹೀರಿಬಿಟ್ಟರೆ ತೊಟ್ಟಿಯಲ್ಲಿ ನಿಂತ ನೀರಿಗೆ ರೋಗಾಣುಗಳಿಂದ ರಕ್ಷಣೆಯಿಲ್ಲದಾಗುತ್ತದೆ.

ಮನೆಗಳಲ್ಲಿ ಗಡಸುತನವನ್ನು ನೀಗಲು ಹೆಚ್ಚಾಗಿ ಬಳಸುವ ಸಾಧನ ಸಾಫ್ಟನರ್. ಇದರೊಳಗೆ ಸಾಸಿವೆಗಿಂತ ಸಣ್ಣ ರಾಳದ ಮಣಿಗಳಿರುತ್ತವೆ. ಇಂಥ ಕೃತಕ ರಾಳಗಳನ್ನು 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಎಂಬ ರಸಾಯನಶಾಸ್ತ್ರಜ್ಞರು ರೂಪಿಸಿದರು. ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಪ್ರತಿಯಾಗಿ ಸೋಡಿಯಂ ಅನ್ನು ಬಿಟ್ಟುಕೊಡುತ್ತವೆ. ಅವುಗಳ ಶಕ್ತಿ ತೀರಿದಾಗ ಉಪ್ಪಿನ ದ್ರಾವಣ ಹರಿಸಿ ಮತ್ತೆ ಸಜ್ಜುಗೊಳಿಸಬೇಕು.

ಒಂದು ಸರಳ ಲೆಕ್ಕ ನೋಡೋಣ. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಂತೆ ಐವರ ಕುಟುಂಬಕ್ಕೆ 675 ಲೀಟರ್ ನೀರು ಬೇಕು. ಗಡಸುತನ 400 ಮಿಲಿಗ್ರಾಂ ಇದ್ದರೆ ದಿನಕ್ಕೆ 270 ಗ್ರಾಂ ಗಡಸುತನವನ್ನು ತೆಗೆಯಬೇಕಾಗುತ್ತದೆ. ಒಂದು ಲೀಟರ್ ರಾಳ ಸುಮಾರು 50 ಗ್ರಾಂ ಹಿಡಿದುಕೊಳ್ಳಬಲ್ಲದೆಂದು ಇಟ್ಟುಕೊಂಡರೆ 25 ಲೀಟರ್ ರಾಳ ನಾಲ್ಕೂವರೆ ದಿನಕ್ಕೆ ಸಾಕು. ಅನಂತರ ಪ್ರತಿ ಬಾರಿ ಎರಡೂವರೆಯಿಂದ ಮೂರು ಕಿಲೋ, ಎಂದರೆ ತಿಂಗಳಿಗೆ ಹದಿನೈದು ಕಿಲೋಗಿಂತ ಹೆಚ್ಚು ಉಪ್ಪು ಬೇಕು. ಮಾರಾಟಗಾರರು ಹೇಳುವ ಗಾತ್ರವನ್ನು ಈ ಬಗೆಯ ಲೆಕ್ಕಕ್ಕೆ ಹೋಲಿಸಿ ನೋಡಬೇಕು. ಉಪ್ಪು ಹಾಕುವುದನ್ನು ಮರೆತರೆ ಯಂತ್ರವಿದ್ದೂ ನೀರು ಗಡಸಾಗಿಯೇ ಬರುತ್ತದೆ.

ಇನ್ನು ಕುಡಿಯುವ ನೀರಿನ ವಿಚಾರ. 400 ಮಿಲಿಗ್ರಾಂ ಗಡಸುತನವನ್ನು ಪೂರ್ತಿ ನೀಗಿದಾಗ ಲೀಟರಿಗೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ದಿನಕ್ಕೆ ಎರಡು ಲೀಟರ್ ಕುಡಿದರೆ ಸುಮಾರು 370 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯಿರುವ ಹಿರಿಯರಿಗೂ ಹಸುಳೆಗಳಿಗೂ ಇದು ಅಲಕ್ಷಿಸುವಂಥ ಪ್ರಮಾಣವಲ್ಲ. ಆದ್ದರಿಂದ ಅಡುಗೆಮನೆಯ ಕುಡಿಯುವ ನೀರಿನ ನಲ್ಲಿಗೆ ಸಾಫ್ಟನರ್ ದಾಟದ ಪ್ರತ್ಯೇಕ ಕೊಳವೆಯನ್ನು ಉಳಿಸಿಕೊಳ್ಳುವುದು ಲೇಸು. ಸಾಫ್ಟನರ್ ರೋಗಾಣುಗಳನ್ನು ಕೊಲ್ಲುವುದಿಲ್ಲ. ಫ್ಲೋರೈಡ್, ನೈಟ್ರೇಟ್‌ಗಳನ್ನು ನೀಗುವುದೂ ಇಲ್ಲ. ಅದರಿಂದ ಹೊರಬೀಳುವ ಉಪ್ಪುನೀರನ್ನು ಗಿಡಗಳಿಗಾಗಲಿ ಮಳೆನೀರು ಇಂಗುವ ಗುಂಡಿಗಾಗಲಿ ಬಿಡಬಾರದು. ಬಿಟ್ಟರೆ ನಾಳೆ ಅದೇ ಉಪ್ಪು ನೆರೆಯವರ ಬಾವಿಯನ್ನು ಸೇರಬಹುದು.

ಮತ್ತೊಂದು ಎಚ್ಚರಿಕೆ. ಕೆಲವು ಮಾರಾಟಗಾರರು ಎರಡು ಲೋಟ ನೀರಿನಲ್ಲಿ ಲೋಹದ ಕಡ್ಡಿಗಳನ್ನು ಇಳಿಸಿ ವಿದ್ಯುತ್ ಹರಿಸುತ್ತಾರೆ. ನಲ್ಲಿಯ ನೀರು ಕಂದುಗಟ್ಟುತ್ತದೆ, ಅವರ ಯಂತ್ರದ ನೀರು ತಿಳಿಯಾಗಿಯೇ ಉಳಿಯುತ್ತದೆ. ಕಂಡ ಬಣ್ಣ ನೀರಿನ ಕೊಳೆಯಲ್ಲ, ಕಡ್ಡಿಯ ಕಬ್ಬಿಣವೇ ಕರಗಿ ಆದ ತುಕ್ಕು. ಲವಣವಿರುವ ನೀರು ವಿದ್ಯುತ್ತನ್ನು ಹರಿಯಗೊಡುತ್ತದೆ. ಲವಣ ತೆಗೆದ ನೀರು ಬಹುಮಟ್ಟಿಗೆ ಹರಿಯಗೊಡುವುದಿಲ್ಲ, ಅಷ್ಟೆ. ಕೈಯಲ್ಲಿ ಹಿಡಿಯುವ ಟಿ.ಡಿ.ಎಸ್. ಮಾಪಕವೂ ಒಟ್ಟು ಕರಗಿದ ಲವಣಗಳನ್ನು ಅಂದಾಜಿಸುತ್ತದೆಯೇ ಹೊರತು ಗಡಸುತನವನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲು ನಗರದ ನೀರನ್ನೂ ಟ್ಯಾಂಕರಿನ ನೀರನ್ನೂ ಕೊಳವೆಬಾವಿಯ ನೀರನ್ನೂ ಬೇರೆ ಬೇರೆ ಸೀಸೆಗಳಲ್ಲಿ ಹಿಡಿದು ಪ್ರಯೋಗಾಲಯದಲ್ಲಿ ಗಡಸುತನ, ಕಬ್ಬಿಣ, ಫ್ಲೋರೈಡ್, ನೈಟ್ರೇಟ್‌ಗಳ ಪರೀಕ್ಷೆ ಮಾಡಿಸಬೇಕು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಶುದ್ಧ ಸೀಸೆಯನ್ನು ಬಳಸಬೇಕು. ನಗರದ ನೀರು ಮೆದುವಾಗಿದ್ದು ಕೊಳವೆಬಾವಿಯ ನೀರು ಮಾತ್ರ ಗಡಸಾಗಿದ್ದರೆ ಎರಡನ್ನೂ ಬೆರೆಸದೆ ಪ್ರತ್ಯೇಕ ತೊಟ್ಟಿಗಳಲ್ಲಿ ಇಡುವುದೇ ಅಗ್ಗದ ಪರಿಹಾರ. ನಗರದ ನೀರೇ ಗಡಸಾಗಿದ್ದರೆ ಸ್ನಾನ, ಗೀಸರ್ ಮತ್ತು ಬಟ್ಟೆ ಒಗೆಯುವ ಸಾಲಿಗಷ್ಟೇ ಸಾಫ್ಟನರ್ ಸಾಕು. ಶೌಚಾಲಯಕ್ಕೆ, ಕೈತೋಟಕ್ಕೆ ಬೇಡ. ಮೇಲ್ತೊಟ್ಟಿಯಿಂದ ಇಳಿಯುವ ನೀರಿನ ಒತ್ತಡ ಯಂತ್ರಕ್ಕೆ ಸಾಲುತ್ತದೆಯೇ ಎಂಬುದನ್ನೂ ಮೊದಲೇ ವಿಚಾರಿಸಬೇಕು. ಯಂತ್ರ ಕೂರಿಸಿದ ಮೇಲೆ ನೀರನ್ನು ಮತ್ತೊಮ್ಮೆ ಪರೀಕ್ಷಿಸಿ, ಎರಡೂ ವರದಿಗಳನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು.

ಪರವೂರಿನಲ್ಲಿ ಸಂಸಾರ ಹೂಡಿದವರಿಗೆ ಪ್ರತಿಯೊಂದು ರೂಪಾಯಿಯೂ ಬೆವರಿನ ಬೆಲೆಯದು. ನೀರಿನ ಗುಣವನ್ನು ಅರಿಯದೆ ಕೊಂಡ ಯಂತ್ರ ಆ ಹಣವನ್ನು ನುಂಗುತ್ತದೆ. ಅರಿತು ಕೊಂಡ ಯಂತ್ರ ಬಹುಕಾಲ ಬಾಳುತ್ತದೆ. ತಾವೆಲ್ಲರೂ ಈ ವಿಷಯವನ್ನು ನೆರೆಹೊರೆಯವರೊಡನೆ ಚರ್ಚಿಸಿ, ಸಾಧ್ಯವಾದಲ್ಲಿ ಇಡೀ ವಸತಿ ಸಮುಚ್ಚಯಕ್ಕೆ ಒಟ್ಟಾಗಿ ಪರೀಕ್ಷೆ ಮಾಡಿಸಬೇಕೆಂದು ಕೋರುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.