ಹೊಸ ಊರಲ್ಲಿ ಸೆಟ್ ಆಗುವುದು ಅಂದ್ರೆ ಎಂತ?

ಬಸ್ಸಲ್ಲಿ ನೇತಾಡ್ತಾ, ಹಾಸ್ಟೆಲಲ್ಲಿ ಮಲಗಿಕೊಂಡು, ಪಾತ್ರೆ ತೊಳೀತಾ, ಎಲ್ಲಿಂದ ಕೇಳ್ತಾ ಇದ್ರೂ ಸ್ವಾಗತ. ಈ ವಾರದ ವಿಷಯ ನಾನು ಆರಿಸಿದ್ದಲ್ಲ. ಕಾಪುವಿನ ಒಬ್ಬ ಹುಡುಗ ವಾಟ್ಸ್‌ಆ್ಯಪ್‌ನಲ್ಲಿ ಎರಡು ನಿಮಿಷದ ವಾಯ್ಸ್ ನೋಟ್ ಕಳಿಸಿದ್ದಾನೆ. ವಯಸ್ಸು 22. ನೋಯ್ಡಾದಲ್ಲಿ ಕೆಲಸ ಸಿಕ್ಕಿ ನಾಲ್ಕು ತಿಂಗಳಾಗಿದೆ. ಹೆಸರು ಹೇಳಬೇಡಿ ಅಂದಿದ್ದಾನೆ, ಹೇಳುದಿಲ್ಲ. ಅವನ ಮಾತಿನ ಸಾರ ಇಷ್ಟು: "ಅಕ್ಕ, ಕೆಲಸದಲ್ಲಿ ಸಮಸ್ಯೆ ಇಲ್ಲ. ಊಟಕ್ಕೆ ಕೂತಾಗ ಎಲ್ಲರೂ ನಗ್ತಾರೆ, ಯಾಕೆ ನಗ್ತಾರೆ ಅಂತ ನಂಗೆ ಗೊತ್ತಾಗುದಿಲ್ಲ. ಶನಿವಾರ, ಭಾನುವಾರ ರೂಮಿಂದ ಹೊರಗೇ ಹೋಗುದಿಲ್ಲ. ಅಮ್ಮ ಬಂದುಬಿಡು ಅಂತಾರೆ. ಬರಲಾ?"

ಇದಕ್ಕೆ ಇನ್‌ಸ್ಟಾಗ್ರಾಂನಲ್ಲಿ ಸಿಗುವ ಉತ್ತರ ನಿಮಗೆಲ್ಲ ಗೊತ್ತುಂಟು. ಕಂಫರ್ಟ್ ಝೋನ್ ಬಿಡಿ, ಜಿಮ್ ಸೇರಿ, ಕಾನ್ಫಿಡೆಂಟ್ ಆಗಿರಿ. ಅಂದ್ರೆ ಕೊರತೆ ಇರುವುದು ನಿಮ್ಮ ಸ್ವಭಾವದಲ್ಲಿ ಅಂತ. ನಾನು ಇದನ್ನು ಒಪ್ಪುದಿಲ್ಲ. ಹೊಸ ಊರಲ್ಲಿ ಒಬ್ಬರು ಸೆಟ್ ಆಗ್ತಾರಾ ಇಲ್ವಾ ಅನ್ನುವುದು ಸ್ವಭಾವಕ್ಕಿಂತ ಜಾಸ್ತಿ ಇನ್ನೊಂದು ವಿಷಯದ ಮೇಲೆ ನಿಂತಿದೆ: ದಿನಕ್ಕೆ ಎಷ್ಟು ಸಲ ಅವರಿಗೆ ಆ ಊರಿನವರ ಹತ್ತಿರ ನಿಜವಾದ ಕೆಲಸ ಬೀಳ್ತದೆ? ಕೆಲಸ ಬಿದ್ರೆ ಮಾತು ಬರ್ತದೆ. ಬೀಳದಿದ್ರೆ ಎಷ್ಟೇ ಕಾನ್ಫಿಡೆನ್ಸ್ ಇದ್ರೂ ಬರುದಿಲ್ಲ.

ಸಾಕ್ಷಿ ಬೇಕಾದ್ರೆ ನಾನಿರುವ ಮಣಿಪಾಲವನ್ನೇ ನೋಡಿ. ಮಣ್ಣಪಳ್ಳ ಅನ್ನುವ ಕೆರೆಯಿಂದ ಈ ಊರಿಗೆ ಹೆಸರು ಬಂತು ಅಂತ ಹೇಳ್ತಾರೆ. ತುಳುವಿನಲ್ಲಿ ಪಳ್ಳ ಅಂದ್ರೆ ಕೆರೆ. ಒಂದು ಕಾಲದಲ್ಲಿ ಇದು ಬೋಳು ಗುಡ್ಡ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಇಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದ್ರು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಹಾಗಾಗಿ ಇದು ಮೊದಲಿಂದಲೂ ಬಂದವರ ಊರು. ದಿಲ್ಲಿ, ಲಕ್ನೋ, ಕೋಲ್ಕತ್ತಾ, ಎಲ್ಲಿಂದೆಲ್ಲ ಮಕ್ಕಳು ಬರ್ತಾರೆ. ಜೂನ್‌ನಲ್ಲಿ ಮಳೆ ಶುರುವಾದಾಗ ಅವರ ಮುಖ ನೋಡ್ಬೇಕು ನೀವು! ದಿಲ್ಲಿಯಲ್ಲಿ ವರ್ಷಕ್ಕೆ ಏಳೆಂಟು ನೂರು ಮಿಲಿಮೀಟರ್ ಮಳೆ, ಇಲ್ಲಿ ನಾಲ್ಕು ಸಾವಿರದ ಆಸುಪಾಸು. ಒಗೆದ ಜೀನ್ಸ್ ಒಣಗುವುದು ದಸರಾಕ್ಕೇ.

ಈಗ ಒಂದು ವಿಚಿತ್ರ ಕೇಳಿ. ಎಂಜಿನಿಯರಿಂಗ್ ಹುಡುಗ ನಾಲ್ಕು ವರ್ಷ ಇಲ್ಲಿದ್ದು ಹೋಗುವಾಗ ಅವನಿಗೆ ಬರುವುದು "ಎಷ್ಟು", "ಬೇಡ", "ಅಣ್ಣ". ಇದು ಅಹಂಕಾರ ಅಂತ ನಮ್ಮವರು ಬೈತಾರೆ. ನಂಗೆ ಹಾಗನ್ನಿಸುದಿಲ್ಲ. ಮೆಸ್‌ನಲ್ಲಿ ಹಿಂದಿ ನಡೀತದೆ, ಕ್ಲಾಸಲ್ಲಿ ಇಂಗ್ಲಿಷ್, ಊಟ ಆ್ಯಪ್‌ನಲ್ಲಿ ಬರ್ತದೆ. ಟೈಗರ್ ಸರ್ಕಲ್‌ನ ಅಂಗಡಿಯವರು ಅವನು ಬಾಯಿ ತೆರೆಯುವ ಮೊದಲೇ ಹಿಂದಿ ಶುರು ಮಾಡಿರ್ತಾರೆ. ಪಾಪ, ಕಲಿಯಲಿಕ್ಕೆ ಅವನಿಗೆ ನಾವು ಬಿಟ್ಟರಲ್ವಾ?

ಅದೇ ಊರಲ್ಲಿ, ಅದೇ ದಿಲ್ಲಿಯಿಂದ ಬಂದ ಮೆಡಿಕಲ್ ಹುಡುಗಿಯನ್ನು ನೋಡಿ. ವಾರ್ಡಿಗೆ ಹೋಗಲಿಕ್ಕೆ ಶುರುವಾದ ಮೇಲೆ ಅವಳು "ಎಲ್ಲಿ ನೋವು? ಎಷ್ಟು ದಿನದಿಂದ? ಜ್ವರ ಉಂಟಾ?" ಅಂತ ಕೇಳ್ಲೇಬೇಕು. ಕೇಳದಿದ್ರೆ ಕೇಸ್ ಬರೆಯಲಿಕ್ಕೆ ಆಗುದಿಲ್ಲ. ಹಾವೇರಿಯಿಂದ ಬಂದವರು ಒಂದು ಕನ್ನಡದಲ್ಲಿ ಉತ್ತರ ಕೊಡ್ತಾರೆ, ಕುಂದಾಪುರದವರು ಇನ್ನೊಂದು ಕನ್ನಡದಲ್ಲಿ. ಕಷ್ಟಪಟ್ಟು ಎರಡೂ ಅರ್ಥ ಆಗ್ತಾ ಬಂತು ಅನ್ನುವಾಗ ಕಾರ್ಕಳ ಕಡೆಯ ಅಜ್ಜಿಯೊಬ್ಬರು "ಬಂಜಿ ಬೇನೆ" ಅಂತಾರೆ. ಅದು ತುಳುವಿನಲ್ಲಿ ಹೊಟ್ಟೆನೋವು. ಇಲ್ಲಿ ಕನ್ನಡ ಕಲಿತವರ ಗೋಳೇ ಇದು, ಪಕ್ಕದಲ್ಲೇ ತುಳು, ಕೊಂಕಣಿ, ಬ್ಯಾರಿ ಎಲ್ಲ ಕಾದು ಕೂತಿರ್ತವೆ. ಆದ್ರೂ ಅವಳು ಕಲೀತಾಳೆ. ಎಂಜಿನಿಯರಿಂಗ್ ಹುಡುಗನಿಗಿಂತ ಅವಳು ಜಾಣೆ ಅಂತಲ್ಲ, ಅವಳಿಗೆ ಕೆಲಸ ಬಿತ್ತು.

ನಮ್ಮ ಜಿಲ್ಲೆಯವರು ಊರು ಬಿಟ್ಟದ್ದರಲ್ಲಿ ಕೂಡ ನಾನು ಇದನ್ನೇ ಕಾಣುವುದು. ಕಾಪು, ಕಾರ್ಕಳ, ಉಡುಪಿಯ ಪ್ರತಿ ಎರಡನೇ ಮನೆಗೆ ಒಂದು ಮುಂಬಯಿ ಕತೆ ಇರ್ತದೆ. ನಮ್ಮಲ್ಲೂ ಉಂಟು. ಅಜ್ಜನ ತಮ್ಮ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಹೋದವರು. ಆಗ ಕೊಂಕಣ ರೈಲ್ವೆ ಎಲ್ಲಿತ್ತು ಮಾರ್ರೆ, ಅದು ಪೂರ್ತಿ ಆದದ್ದು 1998ರಲ್ಲಿ. ಹಗಲು ಹೋಟೆಲಲ್ಲಿ ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿ ಶಾಲೆ, ರಾತ್ರಿ ಅದೇ ಹೋಟೆಲಿನ ನೆಲದಲ್ಲಿ ಮಲಗುವುದು. ಅವರಿಗೆ ಮರಾಠಿ ಯಾರೂ ಕಲಿಸಿಲ್ಲ. ಆರ್ಡರ್ ತಪ್ಪಿದ್ರೆ ಸೇಟು ಬೈತಿದ್ರು, ಅಷ್ಟೇ ಕೋಚಿಂಗ್.

ಆದ್ರೆ ಬರೀ ಬೈಗುಳದಿಂದ ಅವರು ಉಳಿಯಲಿಲ್ಲ. ಹಿಂದೆ ಒಂದು ವ್ಯವಸ್ಥೆ ಇತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಬಂಟರ ಸಂಘ 1927, ಬಿಲ್ಲವರ ಅಸೋಸಿಯೇಶನ್ 1932. ಊರಿಂದ ಬಂದ ಹುಡುಗನಿಗೆ ಮಲಗಲಿಕ್ಕೆ ಜಾಗ ಎಲ್ಲಿ, ಕೆಲಸ ಎಲ್ಲಿ ಖಾಲಿ ಉಂಟು ಅಂತ ಹೇಳುವವರು ಇಂಥ ಕಡೆ ಸಿಗ್ತಿದ್ರು. ಜಾತಿ ನೋಡಿಯೇ ಬಾಗಿಲು ತೆರೆದದ್ದು, ಅದನ್ನು ಮುಚ್ಚಿಡಬೇಕಾಗಿಲ್ಲ. ಜಾತಿಯ ಸಂಘ ಇಲ್ಲದವನಿಗೆ ಆ ಬಾಗಿಲೂ ಇರಲಿಲ್ಲ. ಮಾಟುಂಗಾ ಸ್ಟೇಷನ್ ಹತ್ತಿರ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ್ದು 1942ರಲ್ಲಿ. ಇವತ್ತಿಗೂ ಅಲ್ಲಿ ಬಾಳೆಎಲೆ ಊಟ ಸಿಗ್ತದೆ. ಅಂಥಲ್ಲಿ ನಮ್ಮವರು ವಾರಕ್ಕೊಂದು ಸಲ ಸಾರನ್ನ ಉಂಡು, ತುಳು ಮಾತಾಡಿ, ಮರುದಿನ ಪುನಃ ಮರಾಠಿ ಗಿರಾಕಿಯ ಎದುರು ನಿಲ್ತಿದ್ರು. ತಮ್ಮವರ ಜೊತೆ ಕೂರಲಿಕ್ಕೆ ಒಂದು ಜಾಗ, ಬೇರೆಯವರ ಎದುರು ನಿಲ್ಲಲಿಕ್ಕೆ ಒಂದು ಕೆಲಸ. ಎರಡೂ ಇದ್ದವರು ಮುಂಬಯಿಯವರಾದ್ರು. ಮೊದಲನೆಯದು ಮಾತ್ರ ಇದ್ದವರು ಮೂವತ್ತು ವರ್ಷ ಇದ್ರೂ ಊರಿನ ಹವಾಮಾನವನ್ನೇ ಮಾತಾಡ್ತಾ ಉಳಿದ್ರು. ಅಂಥವರನ್ನೂ ನಾನು ನೋಡಿದ್ದೇನೆ.

ನಂದೂ ಸ್ವಲ್ಪ ಹೇಳ್ತೇನೆ. ಬಿಕಾಂ ಮುಗಿಸಿ ಎರಡು ವರ್ಷ ಗುರುಗ್ರಾಮದ ಒಂದು ಕಂಪೆನಿಯಲ್ಲಿ ಅಕೌಂಟ್ಸ್‌ನಲ್ಲಿದ್ದೆ. ಮೊದಲ ಮೂರು ತಿಂಗಳು ಎಕ್ಸೆಲ್ ಶೀಟ್ ಬಿಟ್ಟರೆ ನನ್ನ ಹತ್ತಿರ ಯಾರೂ ಮಾತಾಡಿದ ನೆನಪಿಲ್ಲ. ಆಮೇಲೆ ಒಬ್ಬರು ಕೆಲಸ ಬಿಟ್ರು, ಅವರ ವೆಂಡರ್ ಪೇಮೆಂಟ್ ಕೆಲಸ ನನ್ನ ತಲೆಗೆ ಬಿತ್ತು. ಬೆಳಿಗ್ಗೆ ಹತ್ತು ಗಂಟೆಯಿಂದ ಫೋನ್: "ಮೇಡಂ, ಪೇಮೆಂಟ್ ಕಬ್ ಆಯೇಗಾ?" ನಾನು ಕಲಿತದ್ದು ಶಾಲೆಯ ಹಿಂದಿ. "ಕೃಪಯಾ ಪ್ರತೀಕ್ಷಾ ಕೀಜಿಯೇ" ಅಂದ್ರೆ ಆಚೆ ಕಡೆಯವರು ರೈಲ್ವೆ ಅನೌನ್ಸ್‌ಮೆಂಟ್ ಅಂದ್ಕೊಂಡು ನಗ್ತಿದ್ರು. ಎರಡು ತಿಂಗಳಲ್ಲಿ ನಂಗೆ ಜಗಳಾಡುವಷ್ಟು ಹಿಂದಿ ಬಂತು. ಜಗಳಾಡಲಿಕ್ಕೆ ಬಂದ ಮೇಲೆ ಜೋಕೂ ಅರ್ಥ ಆಯ್ತು. ಊಟದ ಟೇಬಲಿನ ಜೋಕು ಭಾಷೆಯಲ್ಲಿ ಕೊನೆಗೆ ಬರುವ ಪಾಠ, ಕಾಪುವಿನ ತಮ್ಮ ಅಲ್ಲಿಂದ ಶುರು ಮಾಡ್ಲಿಕ್ಕೆ ನೋಡ್ತಾ ಇದ್ದಾನೆ.

ಮನೆ ಓನರ್ ಆಂಟಿ ಮೊದಲೇ ಹೇಳಿದ್ರು, ಮೀನು ಮಾಡುವ ಹಾಗಿಲ್ಲ. ಅಮ್ಮ ಕಳಿಸಿದ ಒಣ ಸಿಗಡಿ ಚಟ್ನಿಯ ಡಬ್ಬಿ ತೆರೆಯಲಿಕ್ಕೆ ನಾನು ತಾರಸಿಗೆ ಹೋಗ್ತಿದ್ದೆ. ಬಿಲ್ಡಿಂಗ್‌ನ ವಾಚ್‌ಮನ್ ದರ್ಭಾಂಗದವರು, ಬಿಹಾರ. ಅವರಿಗೆ ನಾನು "ಮದ್ರಾಸಿ ಮೇಡಂ". ತಿದ್ದಲಿಕ್ಕೆ ನೋಡಿದೆ, ಆಗಲಿಲ್ಲ, ಬಿಟ್ಟೆ. ಅವರೂ ಮೀನು ತಿನ್ನುವವರು. ಎಲ್ಲಿ ಒಳ್ಳೆ ಮೀನು ಸಿಗ್ತದೆ, ಯಾವ ವಾರ ಹೋಗ್ಬೇಕು ಅಂತ ಹೇಳಿಕೊಟ್ಟದ್ದು ಅವರೇ. ಛಠ್ ಹಬ್ಬಕ್ಕೆ ಅವರ ಹೆಂಡತಿ ಠೇಕುವಾ ಮಾಡಿ ಕೊಟ್ರು, ಗೋಧಿಹಿಟ್ಟು ಬೆಲ್ಲದ್ದು. ಗುರುಗ್ರಾಮದಲ್ಲಿ ನನ್ನನ್ನು ಮೊದಲು ಮನೆಯೊಳಗೆ ಕರೆದವರು ಗುರುಗ್ರಾಮದವರಲ್ಲ. ದೊಡ್ಡ ಊರುಗಳಲ್ಲಿ ಬಹಳ ಸಲ ಹಾಗೇ, ನಿಮಗಿಂತ ಹತ್ತು ವರ್ಷ ಮೊದಲು ಬಂದ ಇನ್ನೊಬ್ಬ ಹೊರಗಿನವರೇ ಬಾಗಿಲು ತೆರೆಯುವುದು.

ಸರಿ, ಬರಲಾ ಅಂತ ಕೇಳಿದ್ದಿ. ಮೊದಲು ಒಂದು ಮಾತು ಗಂಭೀರವಾಗಿ. ನಿದ್ರೆ ಬರ್ತಾ ಇಲ್ಲ, ಊಟ ಸೇರ್ತಾ ಇಲ್ಲ, ಬೇಡದ ಯೋಚನೆ ಬರ್ತಾ ಇದೆ ಅಂತಾದ್ರೆ ಪಾಡ್‌ಕಾಸ್ಟ್ ಕೇಳ್ತಾ ಕೂರಬೇಡ. ಟೆಲಿ ಮಾನಸ್‌ಗೆ ಫೋನ್ ಮಾಡು, ನಂಬರ್ 14416. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ.

ಅಷ್ಟು ಇಲ್ಲದಿದ್ರೆ, ವಾಪಸ್ ಬರುವ ಟಿಕೆಟಿನ ದುಡ್ಡು ಮತ್ತು ಎರಡು ತಿಂಗಳ ಖರ್ಚು ಬೇರೆ ಖಾತೆಯಲ್ಲಿ ತೆಗೆದಿಡು. ಇದು ಬಿಕಾಂ ಸಲಹೆ. ಯಾವಾಗ ಬೇಕಾದ್ರೂ ಹೊರಡಬಹುದು ಅಂತ ಗೊತ್ತಿದ್ದವನಿಗೆ ನಿಲ್ಲಲಿಕ್ಕೆ ಧೈರ್ಯ ಬರ್ತದೆ. ಆಮೇಲೆ ಆ್ಯಪ್ ಬಿಟ್ಟು ತರಕಾರಿ ಗಾಡಿಯವನ ಹತ್ತಿರ ತಗೋ. ದಿನಾ ಒಬ್ಬನದ್ದೇ ಗಾಡಿ, ಒಂದೇ ಸಮಯ. ಆಫೀಸಲ್ಲಿ ಹೊರಗಿನವರ ಜೊತೆ ಮಾತಾಡುವ ಕೆಲಸ ಯಾವುದುಂಟು ನೋಡಿ ಕೇಳಿ ತಗೋ, ಬೇರೆಯವರಿಗೆ ಬೇಡದ ಕೆಲಸ ಆದ್ರೂ ಸರಿ. ನಮ್ಮೂರಿನ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತ್ತಲ್ವಾ, ಏಜೆಂಟ್ ದಿನಾ ಮನೆಗೆ ಬಂದು ಎರಡಾಣೆ ಆದ್ರೂ ತಗೊಂಡು ಹೋಗುವುದು? ಬ್ಯಾಂಕಿನ ಹೆಸರು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯ್ತು, ಪಿಗ್ಮಿ ಅನ್ನುವ ಪದ ನಮ್ಮ ಬಾಯಲ್ಲಿ ಉಳೀತು. ಭಾಷೆಗೂ ಪಿಗ್ಮಿ ಕಟ್ಟು. ದಿನಕ್ಕೆ ಒಂದು ವಾಕ್ಯ, ಅದನ್ನು ಅದೇ ದಿನ ಯಾರ ಹತ್ತಿರವಾದ್ರೂ ಬಳಸಬೇಕು. ತಿಂಗಳಿಗೊಂದು ಭಾನುವಾರ ನಮ್ಮವರನ್ನು ಹುಡುಕಿಕೊಂಡು ಹೋಗು, ದೆಹಲಿ ಕರ್ನಾಟಕ ಸಂಘ ನಿನಗೆ ಮೆಟ್ರೋ ದೂರದಲ್ಲೇ ಉಂಟು. ಪ್ರತಿ ಭಾನುವಾರ ಬೇಡ. ಮೂರು ತಿಂಗಳು ಇಷ್ಟು ಮಾಡಿದ ಮೇಲೂ ಬೇಡ ಅನ್ನಿಸಿದ್ರೆ ಬಾ. ನಾನೂ ಬಂದಿದ್ದೇನೆ, ಬಂದವರನ್ನು ಯಾರೂ ತಿನ್ನುದಿಲ್ಲ. ನೆಂಟರು ಎರಡು ಮದುವೆಯಲ್ಲಿ ಕೇಳ್ತಾರೆ, ಮೂರನೆಯದರಲ್ಲಿ ಮರೀತಾರೆ.

ಇನ್ನು ಇಲ್ಲೇ ಇರುವ ನಮಗೆ. ಮಣಿಪಾಲದ ಬಿಲ್ಡಿಂಗ್‌ಗಳನ್ನು ಕಟ್ಟುವವರಲ್ಲಿ ಬಹಳ ಜನ ಬಾಗಲಕೋಟೆ, ಗದಗ, ಕೊಪ್ಪಳದವರು. ಅವರಾಡುವುದು ಕನ್ನಡ, ಬಂದದ್ದು ಕರ್ನಾಟಕದೊಳಗೇ. ಆದ್ರೂ ನಾವು ಅವರನ್ನು "ಘಟ್ಟದವರು" ಅಂತ ಕರೀತೇವೆ. ದಿಲ್ಲಿಯ ಹುಡುಗನಿಗೆ ಬಾಡಿಗೆಗೆ ಕೊಡುವ ಮನೆಯನ್ನು ಅವರಿಗೆ ಕೊಡ್ಲಿಕ್ಕೆ ಹತ್ತು ಸಲ ಯೋಚಿಸ್ತೇವೆ. ನಮ್ಮ ಹುಡುಗರನ್ನು ಹೊರಗೆ ಮದ್ರಾಸಿ ಅಂದಾಗ ಆಗುವ ಉರಿ ಇಲ್ಲಿ ಯಾಕೆ ನೆನಪಾಗುದಿಲ್ಲ? ಅವರ ಸಂಸ್ಕೃತಿಗೆ ನಾವು ಹೊಂದಿಕೊಳ್ಳಬೇಕಾ ಅಂತ ನಮ್ಮಲ್ಲಿ ಯಾರೂ ಕೇಳಿಕೊಳ್ಳುದಿಲ್ಲ, ಹೊಂದಿಕೊಳ್ಳುವ ಕೆಲಸ ಪೂರ್ತಿ ಅವರ ಪಾಲಿಗೆ.

ಮಾಡ್ತಾರೆ ಕೂಡ. ಮೊನ್ನೆ ಪರ್ಕಳದಲ್ಲಿ ಮೀನಿನವರ ಹತ್ತಿರ ಎಂಟು ವರ್ಷದ ಒಂದು ಹುಡುಗಿ ತುಳುವಿನಲ್ಲಿ ಚೌಕಾಸಿ ಮಾಡ್ತಾ ಇದ್ದಳು, "ಬಂಗುಡೆಗ್ ಏತ್? ಒಂತೆ ಕಮ್ಮಿ ಮಲ್ಪುಲೆ" ಅಂತ. ಹಿಂದೆ ನಿಂತ ತಾಯಿಗೆ "ಅವ್ವಾ, ನೂರಕ್ಕ ಕೊಡ್ತಾರಂತ" ಅಂತ ತಿರುಗಿಸಿ ಹೇಳಿದಳು. ಇಲ್ಲಿಯ ಸರ್ಕಾರಿ ಶಾಲೆಗೆ ಸೇರಿ ಒಂದೂವರೆ ವರ್ಷ ಆಯ್ತಂತೆ. ಊರು ಯಾವುದು ಮಗಾ ಅಂತ ಕೇಳಿದೆ. ತಾಯಿ "ಗಜೇಂದ್ರಗಡ ರೀ" ಅಂದ್ರು, ಹುಡುಗಿ ಅದೇ ಹೊತ್ತಿಗೆ "ಪರ್ಕಳ" ಅಂದಳು.

ಹೊರಗಿನಿಂದ ಈ ಕಡೆಗೆ ಬಂದು ನೆಲೆಸಿದವರು ಯಾರಾದ್ರೂ ಕೇಳ್ತಾ ಇದ್ರೆ ನಿಮ್ಮ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್ ನಿಮ್ಮದೇ. ಕನ್ನಡ ಸರಿ ಇರ್ಬೇಕು ಅಂತಿಲ್ಲ.